ಪ್ರಯೋಗ ಗುಂಪಿನಲ್ಲಿ ಸಿಗ್ನಿಫಿಕೆಂಟ್, ಕಂಟ್ರೋಲ್‌ನಲ್ಲಿ ಅಲ್ಲ: ಇಷ್ಟರಿಂದಲೇ ‘ಪರಿಣಾಮಕಾರಿ’ ಎಂದು ಬರೆಯಬಹುದೇ?

ಪ್ರಶ್ನೆ: ದಾದಿ_ದೀಪ

ಎಂ.ಎಸ್ಸಿ. ನರ್ಸಿಂಗ್ ಎರಡನೇ ವರ್ಷದ ಪ್ರಬಂಧಕ್ಕೆ ವಿಶ್ಲೇಷಣೆ ಮಾಡುತ್ತಿದ್ದೇನೆ. ಗರ್ಭಿಣಿಯರಲ್ಲಿ ರಕ್ತಹೀನತೆ ತಡೆಯುವ ಕುರಿತು ಸ್ಟ್ರಕ್ಚರ್ಡ್ ಟೀಚಿಂಗ್ ಪ್ರೋಗ್ರಾಂ ಕೊಟ್ಟರೆ ಅವರ ತಿಳಿವಳಿಕೆ ಹೆಚ್ಚುತ್ತದೆಯೇ ಎಂಬುದು ವಿಷಯ. 30 ಪ್ರಶ್ನೆಗಳ ಪ್ರಶ್ನಾವಳಿ, ಸರಿಯುತ್ತರಕ್ಕೆ ಒಂದೊಂದು ಅಂಕ. ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬರುವ 30 ಗರ್ಭಿಣಿಯರು ಪ್ರಯೋಗ ಗುಂಪು, ಪಕ್ಕದ ಹೋಬಳಿಯ ಕೇಂದ್ರದ 30 ಮಂದಿ ಕಂಟ್ರೋಲ್ ಗುಂಪು. ಮೊದಲ ದಿನ ಪ್ರಿ-ಟೆಸ್ಟ್, ಪ್ರಯೋಗ ಗುಂಪಿಗೆ ಅಂದೇ ಪಾಠ. 7ನೇ ದಿನ ಇಬ್ಬರಿಗೂ ಅದೇ ಪ್ರಶ್ನಾವಳಿಯಲ್ಲಿ ಪೋಸ್ಟ್-ಟೆಸ್ಟ್.

ಲೆಕ್ಕಕ್ಕೆ ಸುಲಭವಾಗಲಿ ಎಂದು ಅಂಕಿಗಳನ್ನು ದುಂಡು ಮಾಡಿ ಕೊಡುತ್ತಿದ್ದೇನೆ:

ಪ್ರಯೋಗ ಗುಂಪು: ಪ್ರಿ-ಟೆಸ್ಟ್ ಸರಾಸರಿ 12.0, ಪೋಸ್ಟ್-ಟೆಸ್ಟ್ 15.0. ಏರಿಕೆ 3.0, ಏರಿಕೆಯ ಎಸ್‌ಡಿ (ಸರಾಸರಿಯ ಸುತ್ತ ಅಂಕಿಗಳು ಎಷ್ಟು ಹರಡಿವೆ ಎಂಬ ಅಳತೆ) 6. ಪೇರ್ಡ್ ಟಿ (ಅದೇ ವ್ಯಕ್ತಿಯ ಮೊದಲಿನ, ನಂತರದ ಅಂಕಗಳ ಹೋಲಿಕೆ) = 2.74, ಪಿ (ನಿಜವಾದ ಏರಿಕೆ ಇಲ್ಲದಿದ್ದರೂ ಇಷ್ಟು ಅಥವಾ ಇನ್ನೂ ದೊಡ್ಡ ವ್ಯತ್ಯಾಸ ಕಾಣುವ ಸಂಭವ) = 0.01.
ಕಂಟ್ರೋಲ್ ಗುಂಪು: ಪ್ರಿ-ಟೆಸ್ಟ್ 12.4, ಪೋಸ್ಟ್-ಟೆಸ್ಟ್ 14.2. ಏರಿಕೆ 1.8, ಏರಿಕೆಯ ಎಸ್‌ಡಿ 6. ಪೇರ್ಡ್ ಟಿ = 1.64, ಪಿ = 0.11.
ಎರಡೂ ಗುಂಪಿನಲ್ಲಿ ಪ್ರಿ, ಪೋಸ್ಟ್ ಅಂಕಗಳ ಎಸ್‌ಡಿ ಹತ್ತಿರ ಹತ್ತಿರ 5.

ಪಾಠ ಸಿಕ್ಕವರಲ್ಲಿ ಸಿಗ್ನಿಫಿಕೆಂಟ್ (ಪಿ 0.05ಕ್ಕಿಂತ ಕಡಿಮೆ), ಸಿಗದವರಲ್ಲಿ ಅಲ್ಲ. ಆದ್ದರಿಂದ ಪಾಠ ಪರಿಣಾಮಕಾರಿ ಎಂದು ಬರೆದಿದ್ದೆ. ಕರಡು ನೋಡಿದವರು “ಇದು ಸಾಲದು” ಎಂದಷ್ಟೇ ಗುರುತು ಹಾಕಿ ಕೊಟ್ಟಿದ್ದಾರೆ. ಏನು ಸಾಲದು? ಪೋಸ್ಟ್-ಟೆಸ್ಟ್ ಮೇಲೆ ಇಂಡಿಪೆಂಡೆಂಟ್ ಟಿ (ಎರಡು ಬೇರೆ ಗುಂಪುಗಳ ಸರಾಸರಿಯ ಹೋಲಿಕೆ) ಮಾಡಬೇಕೇ, ಆ್ಯಂಕೋವಾ (ಪ್ರಿ-ಟೆಸ್ಟ್ ಅಂಕಕ್ಕೆ ಹೊಂದಿಸಿ ಗುಂಪುಗಳನ್ನು ಹೋಲಿಸುವ ವಿಧಾನ) ಮಾಡಬೇಕೇ? ಪ್ರಿ-ಟೆಸ್ಟ್ ಅಂಕಗಳು ಶಪಿರೋ-ವಿಲ್ಕ್ ಪರೀಕ್ಷೆಯಲ್ಲಿ ನಾರ್ಮಲ್ (ಗಂಟೆಯಾಕಾರದ ಹಂಚಿಕೆ) ಅಲ್ಲ ಎಂದು ಬಂದಿದೆ, ಹಾಗಿದ್ದರೆ ಟಿ ಪರೀಕ್ಷೆಯನ್ನೇ ಬಿಡಬೇಕೇ? ಕೊನೆಯದಾಗಿ, ಪ್ರಿ-ಟೆಸ್ಟ್ ತಿಳಿವಳಿಕೆಗೂ 8 ಡೆಮೊಗ್ರಾಫಿಕ್ ಅಂಶಗಳಿಗೂ ಕೈ-ಸ್ಕ್ವೇರ್ (ಎರಡು ವರ್ಗೀಕರಣಗಳ ನಡುವೆ ಸಂಬಂಧ ಇದೆಯೇ ಎಂದು ನೋಡುವ ಪರೀಕ್ಷೆ) ಮಾಡಿದ್ದೇನೆ. ವಯಸ್ಸು ಒಂದಕ್ಕೆ ಮಾತ್ರ ಪಿ = 0.03 ಬಂದಿದೆ.

---

ಉತ್ತರ: ಸರಾಸರಿ_ಮೇಷ್ಟ್ರು

ನಿಮ್ಮ ಸಂಶೋಧನಾ ಪ್ರಶ್ನೆ “ಪ್ರಯೋಗ ಗುಂಪಿನ ಏರಿಕೆ ಕಂಟ್ರೋಲ್ ಗುಂಪಿನ ಏರಿಕೆಗಿಂತ ಹೆಚ್ಚೇ?” ಎಂಬುದು. ನೀವು ಮಾಡಿದ ಎರಡು ಪೇರ್ಡ್ ಟಿ ಪರೀಕ್ಷೆಗಳಲ್ಲಿ ಯಾವುದೂ ಆ ಪ್ರಶ್ನೆಯನ್ನು ಕೇಳಿಯೇ ಇಲ್ಲ. ಮೊದಲನೆಯದು “ಈ ಗುಂಪಿನ ಏರಿಕೆ ಸೊನ್ನೆಯೇ?” ಎಂದು ಕೇಳಿತು. ಎರಡನೆಯದೂ ಅದನ್ನೇ ಇನ್ನೊಂದು ಗುಂಪಿಗೆ ಕೇಳಿತು. ಎರಡು ಗುಂಪುಗಳನ್ನು ಪರಸ್ಪರ ಹೋಲಿಸಿದ ಪರೀಕ್ಷೆ ನಿಮ್ಮ ಕರಡಿನಲ್ಲಿ ಇಲ್ಲ. ಸಾಲದು ಎಂದದ್ದು ಅದಕ್ಕೇ.

ನಿಮ್ಮದೇ ಅಂಕಿಗಳಿಂದ ಲೆಕ್ಕ ಹಾಕೋಣ.

ಏರಿಕೆಗಳ ವ್ಯತ್ಯಾಸ: 3.0 − 1.8 = 1.2 ಅಂಕ.
ಈ ವ್ಯತ್ಯಾಸದ ಸ್ಟ್ಯಾಂಡರ್ಡ್ ಎರರ್ (ಅಂದಾಜಿನ ಅನಿಶ್ಚಿತತೆಯ ಅಳತೆ): ಎಸ್‌ಡಿ 6 ಅನ್ನು (1/30 + 1/30)ರ ವರ್ಗಮೂಲದಿಂದ ಗುಣಿಸಬೇಕು. 6 × 0.258 = 1.55.
ಟಿ = 1.2 ÷ 1.55 = 0.77, ಡಿಗ್ರೀಸ್ ಆಫ್ ಫ್ರೀಡಂ 58, ಪಿ ಸುಮಾರು 0.44.
95% ವಿಶ್ವಾಸಾಂತರ (ಡೇಟಾಕ್ಕೆ ಹೊಂದುವ ವ್ಯತ್ಯಾಸಗಳ ವ್ಯಾಪ್ತಿ): 1.2 ± 2.0 × 1.55. ಅಂದರೆ −1.9ರಿಂದ 4.3ರವರೆಗೆ.

ಒಂದರಲ್ಲಿ 0.01, ಇನ್ನೊಂದರಲ್ಲಿ 0.11 ಎಂದು ನೋಡಿದಾಗ ದೊಡ್ಡ ಅಂತರ ಇದ್ದಂತೆ ಕಾಣುತ್ತದೆ. ನೇರವಾಗಿ ಹೋಲಿಸಿದರೆ 0.44. ಕಾರಣ ಸರಳ. 0.05 ಎಂಬ ಗೆರೆಯ ಒಂದು ಬದಿಗೆ ಒಂದು ಗುಂಪು, ಇನ್ನೊಂದು ಬದಿಗೆ ಇನ್ನೊಂದು ಗುಂಪು ಬಿದ್ದಿದೆ, ಅಷ್ಟೇ. ಕಂಟ್ರೋಲ್‌ನ ಪಿ 0.11 ಎಂದರೆ ಅಲ್ಲಿ ಏರಿಕೆ ಇಲ್ಲ ಎಂದಲ್ಲ. 1.8 ಅಂಕದ ಏರಿಕೆ ಕಣ್ಣಮುಂದೆಯೇ ಇದೆ. ಅದು ಸೊನ್ನೆಯಿಂದ ಬೇರೆ ಎಂದು ಖಚಿತವಾಗಿ ಹೇಳಲು 30 ಜನ ಸಾಕಾಗಲಿಲ್ಲ.

ಆ 1.8 ಎಲ್ಲಿಂದ ಬಂತು ಎಂದೂ ಯೋಚಿಸಿ. ಅದೇ ಪ್ರಶ್ನಾವಳಿ, ಒಂದೇ ವಾರದ ಅಂತರ. ಮೊದಲ ಸಲ ಓದಿದ ಪ್ರಶ್ನೆಗಳಿಗೆ ಮನೆಯಲ್ಲೋ ಆಶಾ ಕಾರ್ಯಕರ್ತೆಯ ಹತ್ತಿರವೋ ಉತ್ತರ ಕೇಳಿ ತಿಳಿದುಕೊಂಡಿರುತ್ತಾರೆ. ಇದು ಟೆಸ್ಟಿಂಗ್ ಎಫೆಕ್ಟ್. ಪ್ರಯೋಗ ಗುಂಪಿನ 3 ಅಂಕದ ಒಳಗೂ ಇದರ ಪಾಲು ಇರುತ್ತದೆ. ಕಂಟ್ರೋಲ್ ಗುಂಪು ಇಟ್ಟುಕೊಳ್ಳುವುದೇ ಆ ಪಾಲನ್ನು ಕಳೆಯಲು. ಹಾಗೆ ಕಳೆಯದೆ ಎರಡು ಪೇರ್ಡ್ ಟಿ ಬರೆದು ಬಿಟ್ಟರೆ, ಕಂಟ್ರೋಲ್ ಗುಂಪಿನ 30 ತಾಯಂದಿರು ಕೊಟ್ಟ ಸಮಯ ವ್ಯರ್ಥ.

ಇನ್ನು ಆ್ಯಂಕೋವಾ. ನನ್ನ ಆಯ್ಕೆ ಅದೇ, ಕಾರಣವೂ ನಿಮ್ಮ ಅಂಕಿಯಲ್ಲೇ ಇದೆ. ಪ್ರಿ ಮತ್ತು ಪೋಸ್ಟ್ ಎರಡರ ಎಸ್‌ಡಿಯೂ 5 ಇದ್ದು, ಏರಿಕೆಯ ಎಸ್‌ಡಿ 6 ಆಗಿದೆ. 36 = 25 + 25 − 2 × ಸಹವೇರಿಯನ್ಸ್ (ಎರಡು ಅಂಕಗಳು ಒಟ್ಟಿಗೆ ಏರಿಳಿಯುವ ಅಳತೆ). ಸಹವೇರಿಯನ್ಸ್ 7, ಅಂದರೆ ಪ್ರಿ-ಪೋಸ್ಟ್ ನಡುವಿನ ಕೋರಿಲೇಷನ್ 7/25 = 0.28. ಕೋರಿಲೇಷನ್ 0.5ಕ್ಕಿಂತ ಕಡಿಮೆ ಇದ್ದಾಗ ಪೋಸ್ಟ್‌ನಿಂದ ಪ್ರಿ ಕಳೆಯುವುದು ಗದ್ದಲವನ್ನು, ಅಂದರೆ ಅಂಕಗಳ ಬೇಡದ ಏರಿಳಿತವನ್ನು, ಕಡಿಮೆ ಮಾಡುವುದಿಲ್ಲ, ಹೆಚ್ಚಿಸುತ್ತದೆ. ಬರೀ ಪೋಸ್ಟ್-ಟೆಸ್ಟ್‌ನ ಎಸ್‌ಡಿ 5, ಏರಿಕೆಯದು 6. ಆ್ಯಂಕೋವಾ ಪ್ರಿ-ಟೆಸ್ಟನ್ನು ಪೂರ್ತಿ ಕಳೆಯುವುದಿಲ್ಲ, ಪೋಸ್ಟ್ ಜೊತೆ ಎಷ್ಟು ಸಂಬಂಧ ಇದೆಯೋ ಅಷ್ಟು ಮಾತ್ರ ಕಳೆಯುತ್ತದೆ. ಉಳಿಯುವ ಎಸ್‌ಡಿ 5 × √(1 − 0.28²) = 4.8.

ಹೊಂದಿಸಿದ ವ್ಯತ್ಯಾಸ: ಪೋಸ್ಟ್‌ಗಳ ವ್ಯತ್ಯಾಸ 0.8, ಅದರಿಂದ 0.28 × (12.0 − 12.4) ಕಳೆದರೆ 0.91. ಸ್ಟ್ಯಾಂಡರ್ಡ್ ಎರರ್ 1.24. ವಿಶ್ವಾಸಾಂತರ −1.6ರಿಂದ 3.4. ತೀರ್ಮಾನ ಬದಲಾಗಲಿಲ್ಲ, ಆದರೆ ಅಂತರದ ಅಗಲ 6.2ರಿಂದ 5ಕ್ಕೆ ಇಳಿಯಿತು. ಹೊಸದಾಗಿ ಒಬ್ಬರನ್ನೂ ಸೇರಿಸದೆ ಸಿಕ್ಕ ಲಾಭ ಇದು.

ಎಸ್‌ಪಿಎಸ್‌ಎಸ್ ಎಂಬ ಸಂಖ್ಯಾಶಾಸ್ತ್ರ ಸಾಫ್ಟ್‌ವೇರ್‌ನಲ್ಲಿ: ಅನಲೈಜ್, ಜನರಲ್ ಲೀನಿಯರ್ ಮಾಡೆಲ್, ಯೂನಿವೇರಿಯೇಟ್. ಡಿಪೆಂಡೆಂಟ್ ಜಾಗಕ್ಕೆ ಪೋಸ್ಟ್, ಫಿಕ್ಸ್ಡ್ ಫ್ಯಾಕ್ಟರ್‌ಗೆ ಗುಂಪು, ಕೋವೇರಿಯೇಟ್‌ಗೆ ಪ್ರಿ. ಆಪ್ಷನ್ಸ್ ಒಳಗೆ ಪ್ಯಾರಾಮೀಟರ್ ಎಸ್ಟಿಮೇಟ್ಸ್ ಗುರುತು ಹಾಕಿ, ವ್ಯತ್ಯಾಸವೂ ವಿಶ್ವಾಸಾಂತರವೂ ಆ ಕೋಷ್ಟಕದಲ್ಲಿ ಬರುತ್ತವೆ. ಅದಕ್ಕೂ ಮೊದಲು ಒಂದು ಸಲ ಗುಂಪು × ಪ್ರಿ ಇಂಟರ್ಯಾಕ್ಷನ್ ಸೇರಿಸಿ ನೋಡಿ. ಎರಡು ಗುಂಪಿನ ಗೆರೆಗಳ ಇಳಿಜಾರು ತೀರಾ ಬೇರೆ ಇದ್ದರೆ ಒಂದೇ ವ್ಯತ್ಯಾಸ ವರದಿ ಮಾಡುವುದು ಸರಿಯಾಗದು.

---

ಉತ್ತರ: ಬಯೋಸ್ಟ್ಯಾಟ್_ಹುಬ್ಬಳ್ಳಿ

ನಾರ್ಮಲ್ ಪ್ರಶ್ನೆಗೆ ನಾ ಹೇಳ್ತೀನ್ರಿ. ಪೇರ್ಡ್ ಟಿ ಪರೀಕ್ಷೆಗೆ ಪ್ರಿ-ಟೆಸ್ಟ್ ಅಂಕ ನಾರ್ಮಲ್ ಇರಬೇಕು ಅಂತ ನಿಯಮ ಇಲ್ಲ. ಅದು ನೋಡೋದು ವ್ಯತ್ಯಾಸಗಳನ್ನ. ಪೋಸ್ಟ್‌ನಿಂದ ಪ್ರಿ ಕಳೆದು ಹೊಸ ಕಾಲಂ ಮಾಡ್ರಿ, ಹಿಸ್ಟೋಗ್ರಾಂ, ಕ್ಯೂ-ಕ್ಯೂ ಪ್ಲಾಟ್ ಎರಡೂ ನೋಡ್ರಿ. ಆ್ಯಂಕೋವಾದಾಗ ನೋಡಬೇಕಾದದ್ದು ರೆಸಿಡ್ಯುಯಲ್‌ಗಳನ್ನ, ಅಂದ್ರ ನಿಜವಾದ ಅಂಕಕ್ಕೂ ಲೆಕ್ಕ ಅಂದಾಜು ಮಾಡಿದ ಅಂಕಕ್ಕೂ ಇರೋ ವ್ಯತ್ಯಾಸಗಳನ್ನ. ಶಪಿರೋ-ವಿಲ್ಕ್ ಒಂದನ್ನೇ ನಂಬಬ್ಯಾಡ್ರಿ. 10 ಮಂದಿ ಇದ್ದಾಗ ದೊಡ್ಡ ಓರೆಯನ್ನೂ ಹಿಡಿಯಂಗಿಲ್ಲ, 500 ಇದ್ದಾಗ ಲೆಕ್ಕಕ್ಕೆ ಬಾರದ ಓರೆಗೂ ಕೆಂಪು ಬಾವುಟ ತೋರಿಸ್ತದ. ಪ್ರತಿ ಗುಂಪಿಗೆ 30 ಇದ್ದು, ಅಂಕಗಳು ಎಲ್ಲಾ 30ಕ್ಕೋ ಎಲ್ಲಾ ಸೊನ್ನೆಗೋ ಒತ್ತರಿಸಿಕೊಂಡಿಲ್ಲ ಅಂದ್ರ ಟಿ ಪರೀಕ್ಷೆ ತಡಕೊಳ್ತದ.

ಪೇರ್ಡ್, ಇಂಡಿಪೆಂಡೆಂಟ್ ಯಾವುದು ಹಾಕಬೇಕು ಅನ್ನೋದು ಡೇಟಾ ಹ್ಯಾಂಗ ಸಂಗ್ರಹ ಆತು ಅನ್ನೋದರಿಂದ ತೀರ್ಮಾನ ಆಗ್ತದ, ಸಾಫ್ಟ್‌ವೇರ್ ಮೆನುದಿಂದ ಅಲ್ಲ. ಇದಕ್ಕ ಒಂದು ಹಳೇ ಉದಾಹರಣೆ 1908ರಾಗ ಗಾಸೆಟ್ ಬಳಸಿದ್ದು. ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಾರ್ಖಾನೆಯೊಳಗ ಕೆಲಸ ಮಾಡ್ತಿದ್ದ ಆತ ‘ಸ್ಟೂಡೆಂಟ್’ ಅನ್ನೋ ಹೆಸರಿಲೆ ಟಿ ಪರೀಕ್ಷೆಯ ಬುನಾದಿ ಹಾಕಿದ. 10 ರೋಗಿಗಳು, ಎರಡು ನಿದ್ರೆ ಔಷಧಿ. ಪ್ರತಿ ರೋಗಿಗೂ ಎರಡೂ ಔಷಧಿ ಕೊಟ್ಟು, ಎಷ್ಟು ತಾಸು ಹೆಚ್ಚು ನಿದ್ದಿ ಬಂತು ಅಂತ ಅಳೆದಿದ್ದು:

ಮೊದಲ ಔಷಧಿ: 0.7, −1.6, −0.2, −1.2, −0.1, 3.4, 3.7, 0.8, 0.0, 2.0
ಎರಡನೇ ಔಷಧಿ: 1.9, 0.8, 1.1, 0.1, −0.1, 4.4, 5.5, 1.6, 4.6, 3.4

ಸರಾಸರಿ 0.75 ಮತ್ತು 2.33. ವ್ಯತ್ಯಾಸ 1.58 ತಾಸು. ಇದನ್ನ ಇಂಡಿಪೆಂಡೆಂಟ್ ಟಿಗೆ ಹಾಕಿದ್ರ ಸ್ಟ್ಯಾಂಡರ್ಡ್ ಎರರ್ 0.85, ಟಿ = 1.86, ಪಿ = 0.08. ಪೇರ್ಡ್ ಟಿಗೆ ಹಾಕಿದ್ರ ಸ್ಟ್ಯಾಂಡರ್ಡ್ ಎರರ್ 0.39, ಟಿ = 4.06, ಡಿಗ್ರೀಸ್ ಆಫ್ ಫ್ರೀಡಂ 9, ಪಿ = 0.003. ಮ್ಯಾಲಿನ ವ್ಯತ್ಯಾಸ ಅದೇ 1.58, ಕೆಳಗಿನ ಭಾಜಕ ಮಾತ್ರ ಅರ್ಧಕ್ಕಿಂತ ಕಡಿಮೆ ಆತು. ಯಾಕಂದ್ರ ಕೆಲವರಿಗೆ ಎರಡೂ ಔಷಧಿಲೆ ಚಲೋ ನಿದ್ದಿ ಬರ್ತದ, ಕೆಲವರಿಗೆ ಎರಡರಿಂದಲೂ ಅಷ್ಟಕ್ಕಷ್ಟ. ಎರಡು ಸಾಲಿನ ನಡುವಿನ ಕೋರಿಲೇಷನ್ 0.8. ರೋಗಿಯಿಂದ ರೋಗಿಗೆ ಇರೋ ಈ ಏರಿಳಿತ ಪೇರ್ಡ್ ಲೆಕ್ಕದಾಗ ಕಳದು ಹೋಗ್ತದ, ಇಂಡಿಪೆಂಡೆಂಟ್ ಲೆಕ್ಕದಾಗ ಉಳೀತದ.

ಇಲ್ಲಿ ಪಿ ಸಣ್ಣದು ಬಂತು ಅಂತ ಪೇರ್ಡ್ ಆರಿಸೋದಲ್ಲ. ಅದೇ ರೋಗಿಗೆ ಎರಡೂ ಔಷಧಿ ಕೊಟ್ಟಾರ, ಅದಕ್ಕ ಪೇರ್ಡ್.

ಒಂದು ಮಾತು ಔಟ್‌ಲೈಯರ್ ಬಗ್ಗೆ. ಒಂಬತ್ತನೇ ರೋಗಿಯ ವ್ಯತ್ಯಾಸ 4.6, ಉಳಿದವೆಲ್ಲ 0ರಿಂದ 2.4ರ ಒಳಗ. ಅದನ್ನ ತೆಗೆದು ಲೆಕ್ಕ ಹಾಕ್ರಿ: ಸರಾಸರಿ 1.58ರಿಂದ 1.24ಕ್ಕ ಇಳೀತದ, ಆದ್ರ ಎಸ್‌ಡಿ 1.23ರಿಂದ 0.66ಕ್ಕ ಬೀಳ್ತದ, ಟಿ 4.06ರಿಂದ 5.66ಕ್ಕ ಏರ್ತದ. ಔಷಧಿಗೆ ಅನುಕೂಲ ಇದ್ದ ಅಂಕಿ ತೆಗೆದ್ರೂ ಟಿ ಏರಿತು! ಟಿ ಅನ್ನೋದು ಪರಿಣಾಮದ ಗಾತ್ರ ಅಲ್ಲ, ಗಾತ್ರವನ್ನ ಅನಿಶ್ಚಿತತೆಯಿಂದ ಭಾಗಿಸಿದ್ದು ಅನ್ನೋದು ಇಲ್ಲಿ ಸ್ಪಷ್ಟ ಕಾಣ್ತದ. ಪ್ರಬಂಧದಾಗ ಬರೀ ಟಿ ಮತ್ತು ಪಿ ಬರೆದು ಬಿಡಬ್ಯಾಡ್ರಿ, ಎಷ್ಟು ಅಂಕ ಏರಿತು, ವಿಶ್ವಾಸಾಂತರ ಎಷ್ಟು ಅನ್ನೋದು ಮೊದಲು ಬರಲಿ.

---

ದಾದಿ_ದೀಪ

ಇಬ್ಬರಿಗೂ ಧನ್ಯವಾದ ಸರ್. ಒಂದು ಅನುಮಾನ. ನಮ್ಮ ಜೂನಿಯರ್‌ಗಳ ಒಂದು ಅಧ್ಯಯನದಲ್ಲಿ ಹೆಸರು ಬರೆಯಬೇಡಿ ಎಂದು ಹೇಳಿ ಪ್ರಶ್ನಾವಳಿ ತುಂಬಿಸಿದ್ದಾರೆ. ಪ್ರಿ 30 ಹಾಳೆ, ಪೋಸ್ಟ್ 30 ಹಾಳೆ ಇವೆ, ಯಾವುದು ಯಾರದ್ದು ಗೊತ್ತಿಲ್ಲ. ಕ್ರಮಸಂಖ್ಯೆ ಪ್ರಕಾರ ಜೋಡಿಸಿ ಪೇರ್ಡ್ ಟಿ ಮಾಡಬಹುದೇ?

---

ಉತ್ತರ: ಬಯೋಸ್ಟ್ಯಾಟ್_ಹುಬ್ಬಳ್ಳಿ

ಬ್ಯಾಡ್ರಿ ಮೇಡಂ, ಅದು ಹುಸಿ ಜೋಡಿ. ಮೊದಲ ಹಾಳೆಯ ಅಂಕದಿಂದ ಬ್ಯಾರೆಯವರ ಅಂಕ ಕಳೆದಂಗ ಆಗ್ತದ. ಕೋರಿಲೇಷನ್ ಹೋತು, ಪೇರ್ಡ್‌ನ ಲಾಭವೂ ಹೋತು. ಇಂಡಿಪೆಂಡೆಂಟ್ ಟಿ ಹಾಕಿದ್ರೂ ಪೂರ್ತಿ ಸರಿ ಅಲ್ಲ, ಯಾಕಂದ್ರ ಎರಡೂ ಕಡೆ ಅದೇ ಮಂದಿ. ಕೋರಿಲೇಷನ್ ಧನಾತ್ಮಕ ಇರೋದರಿಂದ ಅದರ ಸ್ಟ್ಯಾಂಡರ್ಡ್ ಎರರ್ ಇರಬೇಕಾದದ್ದಕ್ಕಿಂತ ದೊಡ್ಡದು ಬರ್ತದ, ಅಂದ್ರ ಎಚ್ಚರಿಕೆಯ ಕಡೆಗೆ ತಪ್ಪತದ. ಜೋಡಿ ಕಳದು ಹೋಗ್ಯಾವ ಅಂತ ಬರೆದು ಅದನ್ನ ಕೊಡಬಹುದು.

ಇನ್ನ ಮುಂದೆ ಮಾಡೋರು ಹೆಸರಿನ ಬದಲು ಕೋಡ್ ಹಾಕ್ರಿ. ಹಾಳೆಗೆ ಮೊದಲೇ ಪ್ರ-01, ಪ್ರ-02, ಕಂ-01 ಹಂಗ ಅಚ್ಚು ಹಾಕಿಸಿ, ಅದೇ ಕೋಡಿನ ಸಣ್ಣ ಚೀಟಿ ತಾಯಿ ಕಾರ್ಡಿನೊಳಗ ಇಟ್ಟು ಕಳಸ್ರಿ. ಕೋಡು ಮತ್ತು ಹೆಸರಿನ ಪಟ್ಟಿ ಬ್ಯಾರೆ ಕಡೆ ಬೀಗ ಹಾಕಿ ಇಡ್ರಿ, ಡೇಟಾ ಫೈಲಿನಾಗ ಹೆಸರು ಬರಬಾರದು. ಗೌಪ್ಯತೆಯೂ ಉಳೀತದ, ಜೋಡಿಯೂ ಉಳೀತದ.

---

ಉತ್ತರ: ಕ್ಷೇತ್ರ_ಅಧ್ಯಯನ

ಪರೀಕ್ಷೆಯ ಆಯ್ಕೆ ಬಗ್ಗೆ ಮೇಲಿನವರು ಚೆನ್ನಾಗಿ ಹೇಳಿದ್ದಾರೆ. ನನ್ನ ಚಿಂತೆ ಅದಕ್ಕಿಂತ ಹಿಂದಿನ ಹೆಜ್ಜೆಯದು. ಪ್ರಯೋಗ ಗುಂಪೆಲ್ಲ ಒಂದು ಕೇಂದ್ರದವರು, ಕಂಟ್ರೋಲ್ ಎಲ್ಲ ಇನ್ನೊಂದು ಕೇಂದ್ರದವರು. ಹಾಗಾದರೆ ಪಾಠದ ಪರಿಣಾಮ ಮತ್ತು ಕೇಂದ್ರದ ಪರಿಣಾಮ ಒಂದರೊಳಗೊಂದು ಹೆಣೆದುಕೊಂಡಿವೆ. ಒಂದು ಕಡೆ ಚುರುಕಾದ ಎಎನ್‌ಎಂ ಇದ್ದು ಕಬ್ಬಿಣದ ಮಾತ್ರೆ ಬಗ್ಗೆ ದಿನಾ ಹೇಳುತ್ತಿದ್ದರೆ, ಆ ವಾರ ಅಲ್ಲಿ ತಾಯಂದಿರ ಸಭೆ ನಡೆದಿದ್ದರೆ, ಅದೆಲ್ಲ ‘ಗುಂಪು’ ಎಂಬ ಕಾಲಮ್ಮಿನಲ್ಲಿ ಪಾಠದ ಜೊತೆಗೇ ಬರುತ್ತದೆ. ಟಿ ಪರೀಕ್ಷೆಗಾಗಲಿ ಆ್ಯಂಕೋವಾಕ್ಕಾಗಲಿ ಇವೆರಡನ್ನು ಬಿಡಿಸುವ ಶಕ್ತಿ ಇಲ್ಲ. ಪಿ 0.001 ಬಂದಿದ್ದರೂ ಈ ಮಾತು ಹಾಗೇ ನಿಲ್ಲುತ್ತಿತ್ತು.

ಇನ್ನೊಂದು ತೊಡಕೂ ಇದೆ. ಒಂದೇ ಕೇಂದ್ರದವರು ಒಬ್ಬರನ್ನೊಬ್ಬರು ಸ್ವಲ್ಪ ಹೋಲುತ್ತಾರೆ. ಈ ಹೋಲಿಕೆಯ ಅಳತೆ ಇಂಟ್ರಾಕ್ಲಾಸ್ ಕೋರಿಲೇಷನ್. ಅದು 0.05 ಎಂದು ಹಿಡಿದುಕೊಳ್ಳಿ. ಗುಂಪಿಗೆ 30 ಜನರಿದ್ದರೆ ಡಿಸೈನ್ ಎಫೆಕ್ಟ್ 1 + 29 × 0.05 = 2.45. ಅಂದರೆ ನಿಮ್ಮ 60 ಜನ ಸುಮಾರು 24 ಸ್ವತಂತ್ರ ವ್ಯಕ್ತಿಗಳಷ್ಟು ಮಾಹಿತಿ ಕೊಡುತ್ತಾರೆ. ಅದಕ್ಕಿಂತ ಕಷ್ಟದ ಸಂಗತಿ ಎಂದರೆ, ಪ್ರತಿ ಗುಂಪಿಗೆ ಒಂದೇ ಕೇಂದ್ರ ಇರುವಾಗ ಕೇಂದ್ರದಿಂದ ಕೇಂದ್ರಕ್ಕೆ ಎಷ್ಟು ಏರುಪೇರು ಇದೆ ಎಂದು ನಿಮ್ಮ ಡೇಟಾದಿಂದ ಅಂದಾಜು ಮಾಡಲೂ ಆಗದು.

ಹೊಸದಾಗಿ ಯೋಜಿಸುವವರಿಗೆ ದಾರಿ ಇದೆ. ಎರಡು ಕೇಂದ್ರದ ಬದಲು 12 ಉಪಕೇಂದ್ರ ತೆಗೆದುಕೊಳ್ಳಿ. ಚೀಟಿ ಎತ್ತಿ 6ಕ್ಕೆ ಪಾಠ, 6ಕ್ಕೆ ಕಂಟ್ರೋಲ್. ಪ್ರತಿ ಉಪಕೇಂದ್ರದಿಂದ 6 ಜನ, ಒಟ್ಟು 72. ಡಿಸೈನ್ ಎಫೆಕ್ಟ್ 1 + 5 × 0.05 = 1.25, ಪರಿಣಾಮದಲ್ಲಿ ಸುಮಾರು 58 ಜನರಷ್ಟು ಮಾಹಿತಿ. ಓಡಾಟ ಜಾಸ್ತಿ, ನಿಜ. ವಿಶ್ಲೇಷಣೆ ಮಾತ್ರ ಸುಲಭ: ಪ್ರತಿ ಉಪಕೇಂದ್ರದ ಸರಾಸರಿ ಏರಿಕೆ ಲೆಕ್ಕ ಹಾಕಿ, 6 ಸರಾಸರಿಗಳನ್ನು ಇನ್ನು 6 ಸರಾಸರಿಗಳ ಜೊತೆ ಇಂಡಿಪೆಂಡೆಂಟ್ ಟಿಯಲ್ಲಿ ಹೋಲಿಸಿ. ಡಿಗ್ರೀಸ್ ಆಫ್ ಫ್ರೀಡಂ 10. ಮಲ್ಟಿಲೆವೆಲ್ ಮಾಡೆಲ್ ಬಾರದವರಿಗೂ ಕೈಗೆಟುಕುವ ಪ್ರಾಮಾಣಿಕ ಲೆಕ್ಕ ಇದು.

ಒಂದೇ ಕೇಂದ್ರದಲ್ಲಿ ಒಬ್ಬೊಬ್ಬರನ್ನೇ ಯಾದೃಚ್ಛಿಕವಾಗಿ ಹಂಚಿದರೆ ಇನ್ನೂ ಒಳ್ಳೆಯದಲ್ಲವೇ ಎಂದು ಕೇಳಬಹುದು. ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಹೌದು. ಆದರೆ ಗರ್ಭಿಣಿಯರು ಕಾಯುವ ಬೆಂಚಿನ ಮೇಲೆ ಅಕ್ಕಪಕ್ಕ ಕೂತು ಮಾತಾಡುತ್ತಾರೆ, ಕೈಪಿಡಿ ಹಂಚಿಕೊಳ್ಳುತ್ತಾರೆ. ಕಂಟ್ರೋಲ್ ಗುಂಪಿಗೂ ಪಾಠ ಸೋರುತ್ತದೆ, ವ್ಯತ್ಯಾಸ ಕುಗ್ಗುತ್ತದೆ. ಔಷಧಿಯ ಅಧ್ಯಯನವಾದರೆ ವೈಯಕ್ತಿಕ ಹಂಚಿಕೆ, ಮಾತಿನಲ್ಲಿ ಹರಡುವ ತಿಳಿವಳಿಕೆಯಾದರೆ ಊರು ಅಥವಾ ಉಪಕೇಂದ್ರವಾರು ಹಂಚಿಕೆ ಎಂಬುದು ನನ್ನ ನಿಲುವು.

ಕಂಟ್ರೋಲ್ ಗುಂಪನ್ನು ಹೇಗೆ ಆರಿಸುತ್ತೇವೆ ಎಂಬುದು ಎಷ್ಟು ಮುಖ್ಯ ಎನ್ನಲು ಅಮೆರಿಕದ 1954ರ ಸಾಕ್ ಪೋಲಿಯೋ ಲಸಿಕೆ ಪ್ರಯೋಗಕ್ಕಿಂತ ಒಳ್ಳೆಯ ಪಾಠ ಇಲ್ಲ. ಅಲ್ಲಿ ಎರಡು ವಿನ್ಯಾಸ ಒಟ್ಟಿಗೇ ನಡೆದವು. ಕೆಲವು ಪ್ರದೇಶಗಳಲ್ಲಿ ಎರಡನೇ ತರಗತಿಯ ಮಕ್ಕಳಲ್ಲಿ ಪೋಷಕರು ಒಪ್ಪಿದವರಿಗೆ ಲಸಿಕೆ ಕೊಟ್ಟು, ಒಂದು ಮತ್ತು ಮೂರನೇ ತರಗತಿಯ ಎಲ್ಲ ಮಕ್ಕಳನ್ನು ಕಂಟ್ರೋಲ್ ಎಂದು ಹಿಡಿದರು. ಲಕ್ಷಕ್ಕೆ ಪೋಲಿಯೋ ಪ್ರಮಾಣ: ಲಸಿಕೆ ಪಡೆದವರಲ್ಲಿ 25, ಕಂಟ್ರೋಲ್‌ನಲ್ಲಿ 54, ಒಪ್ಪದವರಲ್ಲಿ 44. ಬೇರೆ ಪ್ರದೇಶಗಳಲ್ಲಿ ಒಪ್ಪಿದ ಮಕ್ಕಳನ್ನೇ ಯಾದೃಚ್ಛಿಕವಾಗಿ ಎರಡು ಮಾಡಿ, ಅರ್ಧಕ್ಕೆ ಲಸಿಕೆ, ಅರ್ಧಕ್ಕೆ ಲಸಿಕೆಯಿಲ್ಲದ ಹುಸಿ ಚುಚ್ಚುಮದ್ದು (ಪ್ಲಸೀಬೋ). ಅಲ್ಲಿ ಲಸಿಕೆ ಗುಂಪಿನಲ್ಲಿ 28, ಪ್ಲಸೀಬೋ ಗುಂಪಿನಲ್ಲಿ 71, ಒಪ್ಪದವರಲ್ಲಿ 46.

71 ಮತ್ತು 46 ನೋಡಿ. ಇಬ್ಬರಿಗೂ ಲಸಿಕೆ ಇಲ್ಲ, ಆದರೂ ಒಪ್ಪಿದವರ ಮಕ್ಕಳಲ್ಲಿ ರೋಗ ಹೆಚ್ಚು. ಒಪ್ಪಿಗೆ ಕೊಟ್ಟವರಲ್ಲಿ ಅನುಕೂಲಸ್ಥರು ಹೆಚ್ಚಿದ್ದರು. ಸ್ವಚ್ಛತೆ ಕಡಿಮೆ ಇರುವ ಕಡೆ ಮಕ್ಕಳಿಗೆ ತಾಯಿಯಿಂದ ಬಂದ ರಕ್ಷಣೆ ಇನ್ನೂ ಇರುವಾಗಲೇ ಸಣ್ಣ ಸೋಂಕು ತಗುಲಿ ನಿರೋಧಕ ಶಕ್ತಿ ಬಂದಿರುತ್ತಿತ್ತು. ಅನುಕೂಲಸ್ಥರ ಮಕ್ಕಳಿಗೆ ಅದು ಇರಲಿಲ್ಲ. ಮೊದಲ ವಿನ್ಯಾಸದ ಕಂಟ್ರೋಲ್‌ನಲ್ಲಿ ಒಪ್ಪುವವರೂ ಒಪ್ಪದವರೂ ಬೆರೆತಿದ್ದರಿಂದ ಆ ಪ್ರಮಾಣ 54ಕ್ಕೆ ಇಳಿದು, ಲಸಿಕೆಯ ಶಕ್ತಿ ಇದ್ದದ್ದಕ್ಕಿಂತ ಕಡಿಮೆ ಕಂಡಿತು. ಲಕ್ಷಗಟ್ಟಲೆ ಮಕ್ಕಳಿದ್ದರೂ ಸಂಖ್ಯೆ ಈ ಓರೆಯನ್ನು ಸರಿಪಡಿಸಲಿಲ್ಲ.

---

ಉತ್ತರ: ಇಳಿಜಾರು_ರೇಖೆ

@ಸರಾಸರಿ_ಮೇಷ್ಟ್ರು ಅವರ ಆ್ಯಂಕೋವಾ ಸಲಹೆಗೆ ಒಂದು ಷರತ್ತು ಸೇರಿಸಬೇಕು. ಗುಂಪುಗಳು ಯಾದೃಚ್ಛಿಕವಾಗಿ ಹಂಚಿದ್ದಾಗ ಆ್ಯಂಕೋವಾ, ಏರಿಕೆಯ ಟಿ ಎರಡೂ ಒಂದೇ ಪ್ರಶ್ನೆಗೆ ಉತ್ತರ, ಆ್ಯಂಕೋವಾ ಹೆಚ್ಚು ನಿಖರ. ಮೊದಲೇ ಇದ್ದ ಗುಂಪುಗಳಾದರೆ ಹಾಗಲ್ಲ. ಆ್ಯಂಕೋವಾ “ಪ್ರಿ-ಟೆಸ್ಟ್‌ನಲ್ಲಿ ಸಮಾನ ಅಂಕ ಪಡೆದ, ಬೇರೆ ಬೇರೆ ಕೇಂದ್ರದ ಇಬ್ಬರಲ್ಲಿ ಪೋಸ್ಟ್‌ನಲ್ಲಿ ಎಷ್ಟು ವ್ಯತ್ಯಾಸ?” ಎಂದು ಕೇಳುತ್ತದೆ. ಏರಿಕೆಯ ಟಿ “ಯಾವ ಗುಂಪಿನ ಸರಾಸರಿ ಹೆಚ್ಚು ಏರಿತು?” ಎಂದು ಕೇಳುತ್ತದೆ. ಪ್ರಿ-ಟೆಸ್ಟ್‌ನಲ್ಲೇ ಗುಂಪುಗಳು ದೂರ ಇದ್ದರೆ ಎರಡು ಉತ್ತರಗಳು ಎದುರುಬದುರಾಗಬಹುದು. 1967ರಲ್ಲಿ ಫ್ರೆಡರಿಕ್ ಲಾರ್ಡ್ ಇದನ್ನು ತೋರಿಸಿದರು, ಲಾರ್ಡ್‌ನ ವಿರೋಧಾಭಾಸ ಎಂದೇ ಹೆಸರಾಗಿದೆ.

ಇಲ್ಲಿ 12.0 ಮತ್ತು 12.4ರ ಅಂತರ ಸಣ್ಣದು, ಆದ್ದರಿಂದ 1.2 ಮತ್ತು 0.91 ಹತ್ತಿರವೇ ಇವೆ. ಒಂದು ಗುಂಪು 9, ಇನ್ನೊಂದು 15 ಇದ್ದಿದ್ದರೆ ಯಾವುದನ್ನು ವರದಿ ಮಾಡುವುದೆಂದು ಡೇಟಾ ನೋಡುವ ಮೊದಲೇ ಬರೆದಿಡಬೇಕಿತ್ತು.

ತುಂಬ ಕಡಿಮೆ ಅಂಕದವರನ್ನೇ ಆರಿಸಿ ಪಾಠ ಕೊಡುವ ಅಭ್ಯಾಸವೂ ಇದೆ. ಅಂಥವರು ಪಾಠ ಇಲ್ಲದೆಯೂ ಮುಂದಿನ ಸಲ ಸರಾಸರಿಯ ಕಡೆ ಸರಿಯುತ್ತಾರೆ. ಕೋರಿಲೇಷನ್ 0.28 ಇದ್ದಾಗ, ಸರಾಸರಿಗಿಂತ 5 ಅಂಕ ಕೆಳಗಿದ್ದವರು ಮುಂದಿನ ಸಲ ಸುಮಾರು 1.4 ಅಂಕ ಮಾತ್ರ ಕೆಳಗಿರುತ್ತಾರೆ ಎಂದು ನಿರೀಕ್ಷಿಸಬೇಕು. 3.6 ಅಂಕದ ‘ಏರಿಕೆ’ ಏನೂ ಮಾಡದೆ ಬಂತು. ಕಂಟ್ರೋಲ್ ಇಲ್ಲದ ಒಂದೇ ಗುಂಪಿನ ಪ್ರಿ-ಪೋಸ್ಟ್ ಅಧ್ಯಯನದಲ್ಲಿ ಇದನ್ನು ಪಾಠದ ಫಲವೆಂದೇ ಓದಿಬಿಡುತ್ತೇವೆ.

---

ಉತ್ತರ: ಸರಾಸರಿ_ಮೇಷ್ಟ್ರು

@ಇಳಿಜಾರು_ರೇಖೆ ಒಪ್ಪಿದೆ. ಈ ಅಧ್ಯಯನದಲ್ಲಿ ಎರಡನ್ನೂ ಒಂದೇ ಕೋಷ್ಟಕದಲ್ಲಿ ಕೊಡುವುದು ಒಳ್ಳೆಯದು.

ಕೈ-ಸ್ಕ್ವೇರ್ ಪ್ರಶ್ನೆ ಉಳಿದಿದೆ. 8 ಪರೀಕ್ಷೆ, ಪ್ರತಿಯೊಂದಕ್ಕೂ 0.05. ನಿಜವಾಗಿ ಯಾವ ಸಂಬಂಧವೂ ಇಲ್ಲದಿದ್ದರೂ ಕನಿಷ್ಠ ಒಂದರಲ್ಲಿ ಸಿಗ್ನಿಫಿಕೆಂಟ್ ಬರುವ ಸಂಭವ, ಪರೀಕ್ಷೆಗಳು ಪರಸ್ಪರ ಸ್ವತಂತ್ರ ಎಂದು ಹಿಡಿದರೆ, 1 − 0.95⁸ = 0.34. ಮೂರರಲ್ಲಿ ಒಂದು ಪ್ರಬಂಧಕ್ಕೆ ಹೀಗೆ ಒಂದು ‘ಸಂಬಂಧ’ ಪುಕ್ಕಟೆ ಸಿಗುತ್ತದೆ. ಬಾನ್‌ಫೆರೋನಿ ಪ್ರಕಾರ ಗಡಿ 0.05/8 = 0.006. ವಯಸ್ಸಿನ 0.03 ಅದಕ್ಕಿಂತ ದೊಡ್ಡದು, ಆದ್ದರಿಂದ ಸಿಗ್ನಿಫಿಕೆಂಟ್ ಅಲ್ಲ. ಎಂಟೂ ಪರೀಕ್ಷೆಯ ಫಲವನ್ನು ಕೋಷ್ಟಕದಲ್ಲಿ ಕೊಡಿ, ವಯಸ್ಸನ್ನು ಮುಂದೆ ಪರಿಶೀಲಿಸಬೇಕಾದ ಸುಳಿವು ಎಂದಷ್ಟೇ ಬರೆಯಿರಿ.

ಕೋಶಗಳನ್ನೂ ನೋಡಿ. ನಿರೀಕ್ಷಿತ ಸಂಖ್ಯೆ = ಅಡ್ಡಸಾಲಿನ ಮೊತ್ತ × ಕಂಬಸಾಲಿನ ಮೊತ್ತ ÷ ಒಟ್ಟು. 60 ಜನರಲ್ಲಿ ಪದವೀಧರರು 6, ‘ಉತ್ತಮ ತಿಳಿವಳಿಕೆ’ಯವರು 20 ಎಂದಾದರೆ ಆ ಕೋಶದ ನಿರೀಕ್ಷಿತ ಸಂಖ್ಯೆ 2. ಶೇ. 20ಕ್ಕಿಂತ ಹೆಚ್ಚು ಕೋಶಗಳಲ್ಲಿ ನಿರೀಕ್ಷಿತ ಸಂಖ್ಯೆ 5ಕ್ಕಿಂತ ಕಡಿಮೆ ಇದ್ದರೆ, ಅಥವಾ ಯಾವುದಾದರೂ ಕೋಶದಲ್ಲಿ 1ಕ್ಕಿಂತ ಕಡಿಮೆ ಇದ್ದರೆ ಕೈ-ಸ್ಕ್ವೇರ್ ನಂಬಬಾರದು ಎಂಬುದು ರೂಢಿಯ ನಿಯಮ. ನೋಡಬೇಕಾದದ್ದು ನಿರೀಕ್ಷಿತ ಸಂಖ್ಯೆ, ಕಂಡ ಸಂಖ್ಯೆ ಅಲ್ಲ. ಎಸ್‌ಪಿಎಸ್‌ಎಸ್ ಕೋಷ್ಟಕದ ಅಡಿಟಿಪ್ಪಣಿಯಲ್ಲೇ ಇದನ್ನು ಬರೆದಿರುತ್ತದೆ.

ಅಂಥ ಕಡೆ ಫಿಶರ್‌ನ ಎಕ್ಸಾಕ್ಟ್ ಪರೀಕ್ಷೆ ಬಳಸಿ, ಅದು ಸಂಭವವನ್ನು ನೇರವಾಗಿ ಎಣಿಸುತ್ತದೆ. ಅದರ ಹಿಂದಿನ ಲೆಕ್ಕ ಚಹಾದ ಪ್ರಯೋಗದಿಂದ ಪ್ರಸಿದ್ಧ: 8 ಕಪ್ಪು, 4ರಲ್ಲಿ ಹಾಲು ಮೊದಲು, 4ರಲ್ಲಿ ಚಹಾ ಮೊದಲು; ರುಚಿ ನೋಡಿ ಹಾಲು ಮೊದಲು ಹಾಕಿದ ನಾಲ್ಕನ್ನು ಗುರುತಿಸಬೇಕು. 8ರಲ್ಲಿ 4 ಆರಿಸುವ ಬಗೆಗಳು 70. ನಾಲ್ಕನ್ನೂ ಸರಿಯಾಗಿ ಗುರುತಿಸುವುದು ಬರೀ ಅದೃಷ್ಟದಿಂದ 1/70, ಅಂದರೆ 0.014. ಮೂರು ಅಥವಾ ಅದಕ್ಕಿಂತ ಹೆಚ್ಚು ಸರಿಯಾದರೆ 17/70 = 0.24. ಒಂದೇ ಕಪ್ಪು ತಪ್ಪಿದರೂ ಸಾಕ್ಷ್ಯ ಇಷ್ಟು ಕುಸಿಯುತ್ತದೆ. ಸಣ್ಣ ಕೋಷ್ಟಕಗಳ ಸ್ವಭಾವವೇ ಇದು.

ಇಷ್ಟೆಲ್ಲ ಮಾಡುವುದಕ್ಕಿಂತ ಒಳ್ಳೆಯ ದಾರಿ ಇದೆ. 30ಕ್ಕೆ ಬಂದ ಅಂಕವನ್ನು ಕಡಿಮೆ, ಸಾಧಾರಣ, ಉತ್ತಮ ಎಂದು ಮೂರು ಡಬ್ಬಿಗೆ ಹಾಕಬೇಡಿ. 10 ಅಂಕದವರೂ 0 ಅಂಕದವರೂ ಒಂದೇ ಡಬ್ಬಿ, 10 ಮತ್ತು 11 ಬೇರೆ ಡಬ್ಬಿ ಆಗಿಬಿಡುತ್ತವೆ. ಅಂಕವನ್ನು ಅಂಕವಾಗಿಯೇ ಇಟ್ಟು, ವಯಸ್ಸನ್ನು ವರ್ಷಗಳಲ್ಲೇ ಇಟ್ಟು ರಿಗ್ರೆಷನ್ (ಒಂದು ಏರಿದಂತೆ ಇನ್ನೊಂದು ಎಷ್ಟು ಬದಲಾಗುತ್ತದೆ ಎಂಬ ಲೆಕ್ಕ) ಮಾಡಿ.

---

ಮಂಡ್ಯ_ಬಿಎಡ್

ಇದೇ ವಿನ್ಯಾಸದಲ್ಲಿ ಶಾಲೆಯಲ್ಲಿ ಮಾಡಬೇಕೆಂದಿದ್ದೇನೆ. 30-30 ಸಾಕೇ? ಎಲ್ಲರೂ 30 ತೆಗೆದುಕೊಳ್ಳುತ್ತಾರೆ.

---

ಉತ್ತರ: ಕ್ಷೇತ್ರ_ಅಧ್ಯಯನ

30 ಎಂಬುದಕ್ಕೆ ಯಾವ ಮಂತ್ರಶಕ್ತಿಯೂ ಇಲ್ಲ. ಎಷ್ಟು ಅಂಕದ ವ್ಯತ್ಯಾಸ ಬಂದರೆ ಉಪಯೋಗ ಎಂದು ಮೊದಲು ನಿರ್ಧರಿಸಿ. ಅದನ್ನು ಎಸ್‌ಡಿಯಿಂದ ಭಾಗಿಸಿ. 16 ಅನ್ನು ಆ ಭಾಗಲಬ್ಧದ ವರ್ಗದಿಂದ ಭಾಗಿಸಿದರೆ ಪ್ರತಿ ಗುಂಪಿಗೆ ಬೇಕಾದ ಸಂಖ್ಯೆ ಸಿಗುತ್ತದೆ. ಇದು ಶೇ. 80 ಪವರ್ (ನಿಜವಾದ ವ್ಯತ್ಯಾಸ ಇದ್ದರೆ ಅದನ್ನು ಹಿಡಿಯುವ ಸಂಭವ), ಶೇ. 5 ಮಟ್ಟಕ್ಕೆ.

3 ಅಂಕ, ಎಸ್‌ಡಿ 5: 0.6ರ ವರ್ಗ 0.36, 16/0.36 = 45 ಮಂದಿ.
2 ಅಂಕ, ಎಸ್‌ಡಿ 5: 0.4ರ ವರ್ಗ 0.16, ಪ್ರತಿ ಗುಂಪಿಗೆ 100 ಮಂದಿ.

ಆ್ಯಂಕೋವಾ ಮಾಡುವುದಾದರೆ ಇದನ್ನು (1 − ಕೋರಿಲೇಷನ್ ವರ್ಗ) ಇಂದ ಗುಣಿಸಿ. ಕೋರಿಲೇಷನ್ 0.6 ಇದ್ದರೆ 45 ಎಂಬುದು 29ಕ್ಕೆ ಇಳಿಯುತ್ತದೆ, 0.28 ಇದ್ದರೆ 42ರ ಹತ್ತಿರವೇ ಉಳಿಯುತ್ತದೆ. ಪ್ರಶ್ನೆಪತ್ರಿಕೆ ಸರಿಯಾಗಿ ಅಳೆಯುವಂತಿದ್ದರೆ ಈ ಕೋರಿಲೇಷನ್ ಏರುತ್ತದೆ. ಪೈಲಟ್‌ನಲ್ಲಿ ಪ್ರಶ್ನೆಗಳನ್ನು ತಿದ್ದಲು ಕೊಟ್ಟ ಸಮಯ ಮಕ್ಕಳ ಸಂಖ್ಯೆಯಲ್ಲಿ ಉಳಿತಾಯವಾಗುತ್ತದೆ. ಒಂದು ಸೆಕ್ಷನ್ನಿಗೆ ಪಾಠ, ಇನ್ನೊಂದು ಸೆಕ್ಷನ್ ಕಂಟ್ರೋಲ್ ಮಾಡಿದರೆ ನಾನು ಮೇಲೆ ಕೇಂದ್ರಗಳ ಬಗ್ಗೆ ಬರೆದದ್ದೆಲ್ಲ ನಿಮಗೂ ಅನ್ವಯ. ಆದ್ದರಿಂದ ಮೊದಲು ಸೆಕ್ಷನ್‌ಗಳ ಸಂಖ್ಯೆ ಹೆಚ್ಚಿಸಿ, ಆಮೇಲೆ ಮಕ್ಕಳ ಸಂಖ್ಯೆ. ಬಿಟ್ಟು ಹೋಗುವವರಿಗೆಂದು ಶೇ. 10ರಷ್ಟು ಹೆಚ್ಚು ಸೇರಿಸಿ, ಎಷ್ಟು ಮಂದಿ ಯಾಕೆ ಬಿಟ್ಟರು ಎಂದು ಗುಂಪುವಾರು ಬರೆದಿಡಿ.

---

ದಾದಿ_ದೀಪ

ಎಲ್ಲರಿಗೂ ಧನ್ಯವಾದ. ಫಲಿತಾಂಶದ ಸಾಲನ್ನು ಹೀಗೆ ತಿದ್ದಿದ್ದೇನೆ, ಸರಿ ಇದೆಯೇ ನೋಡಿ:

“ಪ್ರಿ-ಟೆಸ್ಟ್ ಅಂಕಕ್ಕೆ ಹೊಂದಿಸಿದಾಗ ಪ್ರಯೋಗ ಗುಂಪಿನ ಪೋಸ್ಟ್-ಟೆಸ್ಟ್ ಸರಾಸರಿ ಕಂಟ್ರೋಲ್ ಗುಂಪಿಗಿಂತ 0.9 ಅಂಕ ಹೆಚ್ಚಿತ್ತು (95% ವಿಶ್ವಾಸಾಂತರ −1.6ರಿಂದ 3.4). ಪಾಠದಿಂದ ಪ್ರಯೋಜನ ಇಲ್ಲ.”

---

ಉತ್ತರ: ಸರಾಸರಿ_ಮೇಷ್ಟ್ರು

ಮೊದಲ ವಾಕ್ಯ ಸರಿ. ಎರಡನೆಯದನ್ನು ತೆಗೆಯಿರಿ. ವಿಶ್ವಾಸಾಂತರದೊಳಗೆ ಸೊನ್ನೆಯೂ ಇದೆ, 3 ಅಂಕದ ಏರಿಕೆಯೂ ಇದೆ. ಪ್ರಯೋಜನ ಇಲ್ಲ ಎನ್ನಲೂ ಈ ಡೇಟಾ ಸಾಲದು. ಅದರ ಜಾಗಕ್ಕೆ: “ಈ ಗಾತ್ರದ ಅಧ್ಯಯನದಿಂದ ಪಾಠದ ಪರಿಣಾಮವನ್ನು ಖಚಿತಪಡಿಸಲೂ ತಳ್ಳಿಹಾಕಲೂ ಆಗುವುದಿಲ್ಲ. ಪ್ರತಿ ಗುಂಪು ಒಂದೇ ಆರೋಗ್ಯ ಕೇಂದ್ರಕ್ಕೆ ಸೇರಿದ್ದರಿಂದ, ಕಂಡ ವ್ಯತ್ಯಾಸದಲ್ಲಿ ಕೇಂದ್ರದ ಪಾಲನ್ನು ಬೇರ್ಪಡಿಸಲಾಗಿಲ್ಲ.” ಎರಡು ಪೇರ್ಡ್ ಟಿ ಫಲಿತಾಂಶಗಳನ್ನು ಬೇಕಿದ್ದರೆ ಅನುಬಂಧಕ್ಕೆ ಹಾಕಿ, ತೀರ್ಮಾನದ ಅಧ್ಯಾಯದಲ್ಲಿ ಬೇಡ.